ಮಾತು ಬಿಟ್ಟಿದ್ದನ್ನು ಮರೆತ ಮಂಗಳವಾರ

ನನ್ನ ಓರಗಿತ್ತಿಯೊಂದಿಗೆ ನಾನು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಪಾಲಿಸಿಕೊಂಡು ಬಂದ ಆ ವ್ರತವನ್ನು ಒಂದು ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ, ಕೈಯಲ್ಲಿ ಸ್ಕೂಟರಿನ ಕೀ ಹಿಡಿದುಕೊಂಡು, ನಾನೇ ಮುರಿದೆ. ಕ್ಷಮಿಸಿ ಮುರಿದದ್ದಲ್ಲ, ಸೋತು ಮುರಿದದ್ದೂ ಅಲ್ಲ. ನಾವು ಮಾತು ಬಿಟ್ಟಿದ್ದೇವೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಇದು ಎಂಥ ಅವಮಾನ ಎಂದು ತಿಳಿಯಬೇಕಾದರೆ ನಮ್ಮ ಮನೆಯ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಜಯನಗರದಲ್ಲಿ ಮಾವನವರು ಕಟ್ಟಿಸಿದ ಮನೆ. ಕೆಳಗಡೆ ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಮತ್ತು ಅವರ ಹೆಂಡತಿ. ಆ ಹೆಂಡತಿಯೇ ನಾನು ಹೇಳುತ್ತಿರುವ ಓರಗಿತ್ತಿ, ನನಗಿಂತ ಒಂಬತ್ತು ವರ್ಷ ದೊಡ್ಡವರು. ಮೇಲಿನ ಮನೆಯಲ್ಲಿ ನಾನು ಮತ್ತು ನನ್ನ ಗಂಡ. ಎರಡೂ ಮನೆಯ ಮಕ್ಕಳು ಓದಿಗೆಂದು ಬೇರೆ ಊರುಗಳಲ್ಲಿದ್ದಾರೆ, ಈ ಕಥೆಗೆ ಅವರು ಬರುವುದಿಲ್ಲ. ಗೇಟು ಒಂದೇ, ಸಂಪು ಒಂದೇ, ತಾರಸಿಯ ಮೇಲಿನ ಟ್ಯಾಂಕೂ ಒಂದೇ. ಟ್ಯಾಂಕಿಗೆ ನೀರು ಏರಿಸುವ ಮೋಟರಿನ ಸ್ವಿಚ್ಚು ಮಾತ್ರ ಕೆಳಗಡೆ, ಓರಗಿತ್ತಿಯ ಅಡಿಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ. ಸೊಸೆಯರು ಮುಂದೊಂದು ದಿನ ಮಾತು ಬಿಡಬಹುದು ಎಂಬ ಯೋಚನೆ ಮಾವನವರಿಗೆ ಬಂದಿದ್ದರೆ ಎರಡು ಸ್ವಿಚ್ಚು ಇಡಿಸುತ್ತಿದ್ದರು. ಅವರು ಮಕ್ಕಳು ಜಗಳವಾಡಬಾರದೆಂದು ಮೀಟರು ಮಾತ್ರ ಎರಡು ಹಾಕಿಸಿದ್ದರು.

ಜಗಳ ಬೇರೆ, ಮಾತು ಬಿಡುವುದು ಬೇರೆ. ಜಗಳಕ್ಕೆ ಗಂಟಲು ಒಂದಿದ್ದರೆ ಸಾಕು. ಮಾತು ಬಿಡುವುದಕ್ಕೆ ಶಿಸ್ತು ಬೇಕು. ಎದುರು ಸಿಕ್ಕಾಗ ಮುಖ ತಿರುಗಿಸಬಾರದು, ತಿರುಗಿಸಿದರೆ ನೋಡಿದ್ದೇವೆಂದು ಒಪ್ಪಿಕೊಂಡ ಹಾಗಾಗುತ್ತದೆ. ಗಂಡಂದಿರನ್ನು ಇದರೊಳಗೆ ಎಳೆಯಬಾರದು. ಹಬ್ಬದ ತಿಂಡಿ ನಿಲ್ಲಿಸಬಾರದು, ಆದರೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಂದುಬಿಡಬೇಕು. ತೀರಾ ಅವಸರದ ವಿಷಯವಿದ್ದರೆ ಗಾಳಿಗೆ ಹೇಳಬಹುದು. ನಾನು ಬಾಲ್ಕನಿಯಲ್ಲಿ ನಿಂತು ಆಕಾಶ ನೋಡುತ್ತಾ “ಮಳೆ ಬರೋ ಹಾಗಿದೆ” ಎಂದರೆ ಕೆಳಗೆ ಒಣಗಿಸಿದ್ದ ಬಟ್ಟೆ ಐದು ನಿಮಿಷದಲ್ಲಿ ಮಾಯವಾಗುತ್ತಿತ್ತು. ಅವರು ತುಳಸಿ ಗಿಡಕ್ಕೆ ನೀರು ಹಾಕುತ್ತಾ ತುಳಸಿಗೆ “ಹತ್ತು ಗಂಟೆಗೆ ಕರೆಂಟ್ ತೆಗೀತಾರಂತೆ” ಎಂದರೆ ನಾನು ಓಡಿಹೋಗಿ ಮಿಕ್ಸಿ ಹಾಕುತ್ತಿದ್ದೆ. ನಮ್ಮ ರಸ್ತೆಯ ಅಷ್ಟೂ ಸುದ್ದಿ ಆ ತುಳಸಿಗೆ ಗೊತ್ತಿತ್ತು.

ಮೋಟರಿನ ವಿಷಯ ಮಾತ್ರ ತುಳಸಿಯಿಂದ ಬಗೆಹರಿಯುತ್ತಿರಲಿಲ್ಲ. ಮೇಲೆ ನಲ್ಲಿಯಲ್ಲಿ ನೀರು ನಿಂತರೆ ನಾನು ನನ್ನ ಗಂಡನಿಗೆ ಹೇಳಬೇಕು. ಅವರು ಅವರ ಅಣ್ಣನಿಗೆ ಫೋನು ಮಾಡಬೇಕು. ಭಾವ ಆ ಹೊತ್ತಿಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿರುತ್ತಾರೆ, ಅವರು ಮನೆಗೆ ಫೋನು ಮಾಡಿ ಹೆಂಡತಿಗೆ ಹೇಳಬೇಕು. ಹೀಗೆ ಎಂಟು ಅಡಿ ಕೆಳಗಿರುವ ಸ್ವಿಚ್ಚನ್ನು ಒತ್ತಿಸಲು ನನ್ನ ಮಾತು ಪಾರ್ಕಿನವರೆಗೆ ಹೋಗಿ ಬರುತ್ತಿತ್ತು. ಟ್ಯಾಂಕು ತುಂಬಿ ಉಕ್ಕಿದಾಗ ನಿಲ್ಲಿಸಲು ಮತ್ತೆ ಅದೇ ದಾರಿ, ಅಷ್ಟರಲ್ಲಿ ತಾರಸಿ ತೊಳೆದು ಸ್ವಚ್ಛವಾಗಿರುತ್ತಿತ್ತು.

ಗೌರಿ ಹಬ್ಬದ ದಿನ ಬಾಗಿನ ಕೊಡುವುದನ್ನು ಬಿಡುವ ಹಾಗಿರಲಿಲ್ಲ. ವರ್ಷಕ್ಕೊಮ್ಮೆ ನಾನು ರೇಷ್ಮೆ ಸೀರೆಯುಟ್ಟು ಕೆಳಗಿಳಿದು ಹೋಗಿ, ಸೆರಗು ಮುಚ್ಚಿ ಮೊರದ ಬಾಗಿನ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಒಂದು ಮಾತೂ ಆಡದೆ ವಾಪಸ್ ಬರುತ್ತಿದ್ದೆ. ಅವರು ಮೊರದೊಳಗಿನ ತೆಂಗಿನಕಾಯಿಯನ್ನು ನೋಡುತ್ತಾ “ಒಳ್ಳೇದಾಗಲಿ” ಎನ್ನುತ್ತಿದ್ದರು. ನಮ್ಮ ಮನೆಯ ತೆಂಗಿನಕಾಯಿಗಳಿಗೆ ಹನ್ನೊಂದು ವರ್ಷದಿಂದ ಒಳ್ಳೆಯದೇ ಆಗುತ್ತಿದೆ.

ಇಷ್ಟಕ್ಕೆಲ್ಲ ಕಾರಣ ಅತ್ತೆಯವರ ವೈಕುಂಠ ಸಮಾರಾಧನೆಯ ದಿನ ಓರಗಿತ್ತಿ ನನಗೆ ಅಂದ ಒಂದು ಮಾತು. ಅತ್ತೆ ಹಾಸಿಗೆ ಹಿಡಿದು ನಾಲ್ಕು ತಿಂಗಳು ಮಲಗಿದ್ದರು, ನಾನು ಕಾಲೇಜಿಗೆ ಹೋಗುವುದನ್ನು ಬಿಡಲಿಲ್ಲ ಎನ್ನುವ ಅರ್ಥದ ಮಾತು. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ಎಲ್ಲರ ಕಿವಿಗೆ ಬೀಳುವ ಹಾಗೆ. ಅಂಥ ಮಾತನ್ನು ಮರೆಯುವ ಹೆಂಗಸು ನಾನಲ್ಲ.

ನನ್ನ ನೆನಪಿನ ಬಗ್ಗೆ ನನಗಿದ್ದ ಜಂಬವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಇಪ್ಪತ್ತೈದು ವರ್ಷ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಪಾಠ ಮಾಡಿದವಳು. ಗಂಡನ ಕಡೆಯ ನೆಂಟರ ಗೋತ್ರ, ನಕ್ಷತ್ರ, ಮದುವೆಯ ದಿನ, ಯಾರು ಯಾರ ಮದುವೆಗೆ ಬರಲಿಲ್ಲ ಎನ್ನುವುದೆಲ್ಲ ನನ್ನ ತಲೆಯಲ್ಲಿತ್ತು. ದೇವಸ್ಥಾನದಲ್ಲಿ ಅರ್ಚನೆಗೆ ನಿಂತರೆ ನನ್ನ ಗಂಡ ತಮ್ಮ ನಕ್ಷತ್ರಕ್ಕೆ ನನ್ನ ಮುಖ ನೋಡುತ್ತಿದ್ದರು.

ಐವತ್ತೊಂದನೆಯ ವರ್ಷ ನಡೆಯುತ್ತಿದ್ದಾಗ ಅದೇ ದೇವಸ್ಥಾನದಲ್ಲಿ ಅರ್ಚಕರು “ಯಜಮಾನರ ನಕ್ಷತ್ರ?” ಎಂದು ಕೇಳಿದರು. ನನ್ನ ಬಾಯಿ ತೆರೆಯಿತು, ನಕ್ಷತ್ರ ಬರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಇಪ್ಪತ್ತೇಳರಲ್ಲಿ ಒಂದು ಎನ್ನುವುದು ಮಾತ್ರ ಖಚಿತವಾಗಿತ್ತು. ಕೊನೆಗೆ ನನ್ನದೇ ನಕ್ಷತ್ರವನ್ನು ಅವರಿಗೂ ಹೇಳಿ ಬಂದೆ. ಆ ವಾರ ಅವರಿಗೆ ಜ್ವರ ಬಂತು, ನನಗೆ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಅನುಮಾನ ಬಂತು.

ಆಮೇಲೆ ತರಗತಿಯಲ್ಲಿ ಆಯಿತು. ಮೆದುಳಿನ ಚಿತ್ರ ಬರೆದು, ಹೊಸ ನೆನಪುಗಳು ಮೊದಲು ಸೇರುವುದು ಈ ಭಾಗದಲ್ಲಿ ಎಂದು ಬಾಣದ ಗುರುತು ಹಾಕಿ, “ಇದರ ಹೆಸರು” ಎಂದೆ. ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತೇ ಇತ್ತು. ಫ್ಯಾನು ತಿರುಗುತ್ತಿತ್ತು, ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮೊದಲ ಬೆಂಚಿನ ಹುಡುಗಿ ಮೆಲ್ಲಗೆ, ಅಜ್ಜಿಯನ್ನು ರಸ್ತೆ ದಾಟಿಸುವವಳ ಹಾಗೆ, “ಹಿಪ್ಪೊಕ್ಯಾಂಪಸ್ ಮೇಡಂ” ಎಂದಳು. ನಾನು “ಗುಡ್, ನೀವು ಓದಿಕೊಂಡು ಬಂದಿದ್ದೀರಾ ಅಂತ ನೋಡ್ತಿದ್ದೆ” ಎಂದೆ. ಅರವತ್ತು ಮಕ್ಕಳಲ್ಲಿ ಒಬ್ಬರೂ ನಂಬಲಿಲ್ಲ.

ಸ್ಕೂಟರಿನ ಪ್ರಕರಣ ಇದಕ್ಕಿಂತ ದೊಡ್ಡದು. ಒಂದು ಶನಿವಾರ ಸ್ಕೂಟರಿನಲ್ಲಿ ನಾಲ್ಕನೇ ಬ್ಲಾಕಿಗೆ ಹೋಗಿ, ಹೂವು, ಹೂಕೋಸು, ಎರಡು ಬ್ಲೌಸ್ ಪೀಸು ತೆಗೆದುಕೊಂಡು, ಚೀಲ ಭಾರವಾಯಿತೆಂದು ಆಟೋ ಹತ್ತಿ ಮನೆಗೆ ಬಂದೆ. ಸಂಜೆ ಗೇಟಿನ ಹತ್ತಿರ ನೋಡಿದರೆ ಸ್ಕೂಟರಿಲ್ಲ. ಕಳ್ಳತನವಾಗಿದೆ ಎಂದು ರಾದ್ಧಾಂತ ಮಾಡಿದೆ. ನನ್ನ ಗಂಡ ಆರ್‌ಸಿ ಪುಸ್ತಕ ಹುಡುಕಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟೂಬಿಟ್ಟರು. ಅವರು ಶೂ ಹಾಕಿಕೊಳ್ಳುತ್ತಿದ್ದಾಗ ಕೆಳಗಡೆ ತುಳಸಿಯ ಹತ್ತಿರದಿಂದ ಮಾತು ಕೇಳಿಸಿತು.

“ಬೆಳಿಗ್ಗೆ ಯಾರೋ ಸ್ಕೂಟರಲ್ಲಿ ಹೋದ್ರು. ಬರೋವಾಗ ಆಟೋದಲ್ಲಿ ಬಂದ್ರಪ್ಪ.”

ತುಳಸಿ ಉತ್ತರ ಕೊಡಲಿಲ್ಲ. ನನ್ನ ಗಂಡ ಶೂ ಬಿಚ್ಚಿ, ಚಪ್ಪಲಿ ಹಾಕಿಕೊಂಡು, ನಾಲ್ಕನೇ ಬ್ಲಾಕಿಗೆ ನಡೆದುಕೊಂಡು ಹೋಗಿ ಸ್ಕೂಟರ್ ತಂದರು. ಇದಾದ ಮೇಲೆ ನಾನು ಜೆ.ಪಿ. ನಗರದ ಡಾಕ್ಟರ ಹತ್ತಿರ ಹೋದೆ.

ಆ ಡಾಕ್ಟರು ಸ್ತ್ರೀರೋಗ ತಜ್ಞೆ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಟೇಬಲ್ಲಿನ ಆ ಕಡೆ ಅವಳು, ಈ ಕಡೆ ನಾನು. ಗಟ್ಟಿಯಾಗಿ ಓದಿದರೆ ಮಾತ್ರ ನೆನಪಿರುತ್ತದೆ, ನಿನ್ನ ಹಾಗೆ ಕಿಟಕಿ ನೋಡುತ್ತಾ ಕೂತರೆ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಅಂದಿದ್ದೆನಂತೆ. ಅದನ್ನೂ ಅವಳೇ ನೆನಪಿಸಿದಳು. ನಾನು ಮುಖ್ಯ ವಿಷಯ ಕೇಳುವ ಮೊದಲು ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡೆ.

“ಅದಲ್ವಲ್ಲಮ್ಮ? ಆ ಮರೆವಿನ ಕಾಯಿಲೆ?”

“ಬದನೆಕಾಯಿ, ಛತ್ರಿ, ರೈಲು. ಈ ಮೂರು ನೆನಪಿಟ್ಕೊಳ್ಳಿ ಮೇಡಂ, ಆಮೇಲೆ ಕೇಳ್ತೀನಿ” ಎಂದಳು. ಆಮೇಲೆ ರಕ್ತ ಪರೀಕ್ಷೆಯ ಕಾಗದ ನೋಡುತ್ತಾ ನನ್ನದೇ ಪಾಠವನ್ನು ನನಗೆ ಮಾಡಿದಳು. “ಈಸ್ಟ್ರೋಜನ್ ಅಂದ್ರೆ ಬರೀ ಮುಟ್ಟು, ಬಸಿರು ಅಷ್ಟೇ ಅಲ್ಲ ಮೇಡಂ. ಹಿಪ್ಪೊಕ್ಯಾಂಪಸ್‌ಗೂ ಅದು ಬೇಕು. ಅಲ್ಲಿ ನರಗಳ ಕೂಡಿಕೆ ಚೆನ್ನಾಗಿರೋಕೆ, ಅಸಿಟೈಲ್‌ಕೋಲಿನ್ ಸರಿಯಾಗಿ ಓಡಾಡೋಕೆ ಸಹಾಯ ಮಾಡುತ್ತೆ. ಈ ವಯಸ್ಸಲ್ಲಿ ಅದು ಒಂದಿನ ಜಾಸ್ತಿ, ಒಂದಿನ ಕಮ್ಮಿ. ಅದಕ್ಕೇ ಹೆಸರು ನಾಲಿಗೆ ತುದೀಲಿ ನಿಂತ್ಕೊಳ್ಳೋದು. ಥೈರಾಯ್ಡೂ ಸ್ವಲ್ಪ ನಿಧಾನ ಆಗಿದೆ. ಮಾತ್ರೆ ಬರ್ಕೊಡ್ತೀನಿ. ಬಹಳ ಜನಕ್ಕೆ ಬರಬರ್ತಾ ಸರಿಹೋಗುತ್ತೆ.”

“ಬದನೆಕಾಯಿ, ಛತ್ರಿ, ರೈಲು” ಎಂದೆ ನಾನು, ಅವಳು ಕೇಳುವ ಮೊದಲೇ.

“ನೋಡಿ, ಅದಲ್ಲ” ಎಂದಳು. ಆ ಹುಡುಗಿಯನ್ನು ಎದ್ದು ಹೋಗಿ ಅಪ್ಪಿಕೊಳ್ಳಬೇಕೆನ್ನಿಸಿತು.

ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದೆ. ಹೆಸರು, ಕೀ, ಸ್ಕೂಟರ್ ಹೋದರೆ ಹೋಗಲಿ. ಹಳೆಯ ನೆನಪುಗಳು, ಉದಾಹರಣೆಗೆ ಯಾರೋ ನಮಗೆ ಮಾಡಿದ ಅವಮಾನ, ಅದೂ ಹೋಗುತ್ತದೆಯೇ ಎಂದೆ. ಅವಳು ನಕ್ಕುಬಿಟ್ಟಳು. “ಅದು ಹೋಗಲ್ಲ ಬಿಡಿ ಮೇಡಂ. ಕೋಪ ಬಂದಾಗ ಅಡ್ರಿನಲಿನ್ ಏರುತ್ತೆ, ಕಾರ್ಟಿಸಾಲ್ ಏರುತ್ತೆ, ಅವೆರಡೂ ಸೇರಿ ನೆನಪಿನ ಮೇಲೆ ಮೊಹರು ಒತ್ತಿಬಿಡುತ್ತೆ. ನೀವೇ ಹೇಳ್ಕೊಟ್ಟಿದ್ದು.” ಹೌದು, ನಾನೇ ಹೇಳಿಕೊಟ್ಟದ್ದು. ನನ್ನ ಹನ್ನೊಂದು ವರ್ಷದ ಕೋಪ ಭದ್ರವಾಗಿದೆ ಎಂಬ ನೆಮ್ಮದಿಯಿಂದ ಮನೆಗೆ ಬಂದೆ.

ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ನುಂಗಬೇಕು, ಆಮೇಲೆ ಅರ್ಧ ಗಂಟೆ ಕಾಫಿ ಕುಡಿಯಬಾರದು. ನನ್ನ ಬದುಕಿನಲ್ಲಿ ಯಾರೂ ನನಗೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟಿರಲಿಲ್ಲ. ಡಿಕಾಕ್ಷನ್ ಇಳಿಯುವ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಗಡಿಯಾರ ನೋಡುತ್ತಾ ಕೂರಬೇಕು. ಅದಕ್ಕಿಂತ ಕಷ್ಟವೆಂದರೆ, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎನ್ನುವುದೇ ಮರೆತುಹೋಗುವುದು. ಮರೆವಿಗೆ ಕೊಟ್ಟ ಮಾತ್ರೆಯನ್ನು ಮರೆಯಬಾರದೆಂದು ಯಾವ ಮಾತ್ರೆ ತೆಗೆದುಕೊಳ್ಳಬೇಕು? ನನ್ನ ಗಂಡ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಟಿಕ್ ಹಾಕಿಸತೊಡಗಿದರು. ಕೆಲವು ದಿನ ಮಾತ್ರೆ ತಿನ್ನದೆ ಟಿಕ್ ಮಾತ್ರ ಹಾಕಿದ್ದೇನೆ.

ಆ ಮಂಗಳವಾರ ಹೀಗೇ ಅರ್ಧ ಗಂಟೆ ಕಾಫಿಗೆ ಕಾದು ತಡವಾಗಿತ್ತು. ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದರೆ ನೀರಿಲ್ಲ. ಗಂಡ ಮನೆಯಲ್ಲಿರಲಿಲ್ಲ. ಚೀಲ, ಕೀ, ಹೆಲ್ಮೆಟ್ಟು ಎತ್ತಿಕೊಂಡು ಮೆಟ್ಟಿಲಿಳಿದೆ. ಓರಗಿತ್ತಿ ಬಾಗಿಲ ಮುಂದೆ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದರು.

“ಅಕ್ಕ, ಮೇಲೆ ನೀರು ನಿಂತ್ಹೋಗಿದೆ. ಒಂದು ಸ್ವಲ್ಪ ಮೋಟರ್ ಹಾಕ್ಬಿಡಿ” ಎಂದೆ.

ಅವರ ಕೈ ನಿಂತಿತು. ನನ್ನನ್ನು ನೋಡಿದರು. ನೋಡಿ, “ಹೂಂ” ಎಂದು ಎದ್ದು ಒಳಗೆ ಹೋದರು. ನಾನು ಗೇಟು ತೆಗೆದು ಸ್ಕೂಟರ್ ಏರಿದೆ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ, ಅಕ್ಕ ಯಾಕೆ ನನ್ನನ್ನು ಹಾಗೆ ನೋಡಿದರು ಎಂದು ಯೋಚಿಸಿದೆ. ಯೋಚಿಸಿದ್ದೇ ತಡ, ಹನ್ನೊಂದು ವರ್ಷ ನೆನಪಾಯಿತು.

“ಆಂಟಿ, ಗ್ರೀನ್ ಬಿದ್ದಿದೆ” ಎಂದ ಹಿಂದಿನ ಬೈಕಿನವನು. ಗ್ರೀನ್ ಬಿದ್ದು, ಮತ್ತೆ ಕೆಂಪಾಗುವವರೆಗೂ ನಾನು ಅಲ್ಲೇ ಇದ್ದೆ.

ಎರಡು ದಿನ ನಾನು ಆ ಮಾತನ್ನು ವಾಪಸ್ ಪಡೆಯಲು ಪ್ರಯತ್ನಿಸಿದೆ. ಮೆಟ್ಟಿಲಿಳಿಯುವಾಗ ಮುಖ ತಿರುಗಿಸಿದೆ, ಅದು ನಿಯಮಕ್ಕೇ ವಿರುದ್ಧ ಎಂದು ನೆನಪಾಗಿ ಮತ್ತೆ ನೇರ ಮಾಡಿದೆ. ಗುರುವಾರ ಬೆಳಿಗ್ಗೆ ಅವರು ಅಂಗಳದಲ್ಲಿ ನಿಂತು ತಲೆಯೆತ್ತಿ ಬಾಲ್ಕನಿಯಲ್ಲಿದ್ದ ನನ್ನನ್ನು ನೋಡಿ, ತುಳಸಿಯನ್ನಲ್ಲ, ಆಕಾಶವನ್ನಲ್ಲ, ನನ್ನನ್ನೇ ನೋಡಿ, “ಮೋಟರ್ ಹಾಕ್ಲಾ?” ಎಂದರು. ನನ್ನ ಬಾಯಿ ನನ್ನನ್ನು ಕೇಳದೆ “ಹಾಕಿ” ಎಂದಿತು. ಅದಾದ ಮೇಲೆ ಶನಿವಾರ ಕರಿಬೇವು ಬೇಕೇ ಎಂದರು. ಭಾನುವಾರ ನಾನು ಹುಳಿಯ ಬಟ್ಟಲನ್ನು ಮೆಟ್ಟಿಲ ಮೇಲಿಡದೆ ಕೈಗೇ ಕೊಟ್ಟೆ. ಹೀಗೆ ಒಂದೊಂದು ತರಕಾರಿಯಷ್ಟೇ ಮಾತು ಬೆಳೆಯಿತು.

ಈಗ ನಿಜ ಹೇಳಬೇಕು. ನನಗೆ ಇದು ತುಂಬಾ ಇಷ್ಟವಾಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಸಾರಿಗೆ ಎಷ್ಟು ಉಪ್ಪು ಎಂದು ಗೊತ್ತಿಲ್ಲದವಳು. ಅತ್ತೆಯ ಕಣ್ಣಿಗೆ ಬೀಳದ ಹಾಗೆ ಹಿಂದಿನಿಂದ ಬಂದು ಉಪ್ಪು ಹಾಕಿ ಹೋಗುತ್ತಿದ್ದವರು ಈ ಓರಗಿತ್ತಿ. ನನ್ನ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದವರು ಅವರೇ. ಹೆರಿಗೆಯ ನೋವನ್ನು ಆಕ್ಸಿಟೋಸಿನ್ ಮಂಕು ಮಾಡುತ್ತದೆಂದು ಹೇಳುತ್ತಾರೆ, ನೋವು ನಿಜಕ್ಕೂ ಈಗ ನೆನಪಿಲ್ಲ, ಆದರೆ ಅವರ ಕೈಯ ಬಳೆ ನನ್ನ ಮಣಿಕಟ್ಟಿಗೆ ಒತ್ತಿ ಕೆಂಪಗಾದದ್ದು ನೆನಪಿದೆ. ಹನ್ನೊಂದು ವರ್ಷ ನನಗೆ ಮನೆಯಲ್ಲಿ ಒಬ್ಬ ಅಕ್ಕ ಇರಲಿಲ್ಲ, ಕೆಳಗಡೆ ಒಬ್ಬ ಶತ್ರು ಇದ್ದರು. ಮತ್ತೆ ಅಕ್ಕ ಸಿಕ್ಕಿದ್ದರು. ಇನ್ನೊಮ್ಮೆ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಕಷ್ಟವೇನೆಂದರೆ, ಇದು ಸಿಕ್ಕಿದ್ದು ಮೋಸದಿಂದ. ನಾನು ಮನಸ್ಸು ಮಾಡಿ ಮಾತಾಡಿಸಿದೆ ಎಂದೇ ಎಲ್ಲರೂ ತಿಳಿದುಕೊಂಡರು. ನನ್ನ ಗಂಡ ಹನ್ನೊಂದು ವರ್ಷದ ಪೋಸ್ಟ್‌ಮನ್ ಕೆಲಸದಿಂದ ನಿವೃತ್ತರಾದ ಖುಷಿಯಲ್ಲಿ ಮೈಸೂರಿನ ತಮ್ಮ ಸೋದರತ್ತೆಗೆ ಸುದ್ದಿ ಮುಟ್ಟಿಸಿದರು. ಅವರು ಫೋನು ಮಾಡಿ, “ಚಿಕ್ಕವಳಾದ್ರೂ ದೊಡ್ಡ ಮನಸ್ಸು ಮಾಡ್ದೆ ಕಣೇ. ಓದಿರೋಳು ಅನ್ನೋದು ಇದಕ್ಕೇ” ಎಂದರು. ನಾನು “ಅಯ್ಯೋ, ಅದರಲ್ಲೇನಿದೆ ಬಿಡಿ” ಎಂದೆ. ಅದರಲ್ಲಿ ಏನೂ ಇರಲಿಲ್ಲ ಎನ್ನುವುದು ನಿಜವೇ ಆಗಿತ್ತು. ಅಕ್ಕನಿಗೆ ಮಾತ್ರ ಇದು ಗೊತ್ತಾದರೆ, ನನ್ನನ್ನು ಮಾತಾಡಿಸಿದ್ದು ನೀನಲ್ಲ, ನಿನ್ನ ಮರೆವು ಎಂದು ಬಾಗಿಲು ಹಾಕಿಕೊಂಡರೆ ಎಂದು ನನಗೆ ದಿನವೂ ಪುಕಪುಕ ಎನ್ನುತ್ತಿತ್ತು.

ಮರ್ಯಾದೆಯಾಗಿ ಕ್ಷಮಿಸಿಬಿಡೋಣ, ಆಗ ಮೋಸವೂ ಇರುವುದಿಲ್ಲ ಎಂದು ಒಂದು ಭಾನುವಾರ ತೀರ್ಮಾನಿಸಿದೆ. ಕ್ಷಮಿಸಬೇಕಾದರೆ ಮೊದಲು ತಪ್ಪನ್ನು ಮನಸ್ಸಿಗೆ ತಂದುಕೊಳ್ಳಬೇಕಲ್ಲ. ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತು ಸಮಾರಾಧನೆಯ ದಿನವನ್ನು ಕರೆದೆ. ಎಲ್ಲ ಬಂತು. ಅಂಬೊಡೆ ಕರಿಯುವ ಎಣ್ಣೆಯ ವಾಸನೆ ಬಂತು. ಅಕ್ಕ ಉಟ್ಟಿದ್ದ ಸಾಸಿವೆ ಬಣ್ಣದ ಸೀರೆ ಬಂತು, ಅವರ ಕೈಯಲ್ಲಿದ್ದ ಸಾರಿನ ಬಕೆಟ್ಟು ಬಂತು, ನನ್ನ ಕಿವಿ ಬಿಸಿಯಾದದ್ದು ಕೂಡ ಬಂತು. ಅವರ ಬಾಯಿ ತೆರೆಯಿತು. ಮಾತು ಬರಲಿಲ್ಲ.

ಎಷ್ಟು ತಿಣುಕಿದರೂ ಅವರು ಅಂದ ವಾಕ್ಯ ಸಿಗಲಿಲ್ಲ. ಕಾಲೇಜಿನ ವಿಷಯ ಎನ್ನುವುದು ಗೊತ್ತು. ‘ಸಂಬಳ’ ಎಂಬ ಮಾತು ಅದರಲ್ಲಿತ್ತೆಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ‘ಸೇವೆ’ ಎಂಬುದು ಇತ್ತೆಂದು ನನ್ನ ತಂಗಿಗೆ ಹೇಳಿದ್ದೆ. ಒಮ್ಮೆ ಹೇಳಿದ ಹಾಗೆ ಇನ್ನೊಮ್ಮೆ ಹೇಳಿರಲಿಲ್ಲ, ಪ್ರತಿ ಸಲವೂ ಸ್ವಲ್ಪ ಖಾರ ಜಾಸ್ತಿ ಮಾಡಿದ್ದೆ. ನೆನಪನ್ನು ಹೊರಗೆ ತೆಗೆದಾಗಲೆಲ್ಲ ಅದು ಮೆತ್ತಗಾಗುತ್ತದೆ, ವಾಪಸ್ ಇಡುವಾಗ ನಾವು ಮುಟ್ಟಿದ ಗುರುತೂ ಸೇರಿಯೇ ಒಳಗೆ ಹೋಗುತ್ತದೆ ಎಂದು ನಾನು ವರ್ಷಾ ವರ್ಷಾ ಪಾಠ ಮಾಡುತ್ತೇನೆ. ಈ ನೆನಪನ್ನು ನಾನು ಎಷ್ಟು ಸಲ ತೆಗೆದು ಎಷ್ಟು ಜನಕ್ಕೆ ತೋರಿಸಿದ್ದೆನೆಂದರೆ, ಮೂಲ ಯಾವುದು, ನನ್ನ ಒಗ್ಗರಣೆ ಯಾವುದು ಎಂದು ನನಗೇ ಗೊತ್ತಾಗಲಿಲ್ಲ.

ಗಂಡನನ್ನು ಕೇಳಿದೆ. “ಅವತ್ತು ಅಕ್ಕ ನನಗೆ ಏನಂದ್ರು, ನೆನಪಿದ್ಯಾ?”

ಅವರು ಪೇಪರಿನಿಂದ ತಲೆಯೆತ್ತಲಿಲ್ಲ. “ನಾನು ಎಲೆ ಎತ್ತುತ್ತಿದ್ದೆ” ಎಂದರು. ಹನ್ನೊಂದು ವರ್ಷದಿಂದ ಅವರದು ಅದೇ ಹೇಳಿಕೆ, ಒಂದಕ್ಷರ ಬದಲಾಗಿಲ್ಲ.

ಹೀಗೆ ಗೌರಿ ಹಬ್ಬ ಬಂತು. ಬಾಗಿನ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ, ಇವತ್ತು ಎಲ್ಲ ಹೇಳಿಬಿಡಬೇಕು ಎಂದು ನಿರ್ಧರಿಸಿದೆ. ಗೌರಿಯ ಮುಂದೆ ನಿಂತು ಸುಳ್ಳು ದೊಡ್ಡ ಮನಸ್ಸನ್ನು ಹೊತ್ತುಕೊಂಡು ನಮಸ್ಕಾರ ಮಾಡಲು ನನಗೆ ಹೆದರಿಕೆಯಾಯಿತು. ಭಾವ ಹೊರಗಡೆ ಹೋಗಿದ್ದರು, ಅಕ್ಕ ಒಬ್ಬರೇ ಇದ್ದರು. ಬಾಗಿನ ಕೊಟ್ಟೆ. ಕಾಲಿಗೆ ಬಿದ್ದೆ. ಅವರು ತೆಂಗಿನಕಾಯಿಯನ್ನು ಬಿಟ್ಟು ನನ್ನ ತಲೆಯ ಮೇಲೆ ಕೈಯಿಟ್ಟು “ಒಳ್ಳೇದಾಗಲಿ” ಎಂದರು. ಆ ಕೈಯ ಭಾರಕ್ಕೆ ನನಗೆ ಇನ್ನು ತಡೆಯಲಾಗಲಿಲ್ಲ.

“ಅಕ್ಕ, ಒಂದು ಮಾತು ಹೇಳ್ಬೇಕು. ಅವತ್ತು ಮೋಟರ್ ಹಾಕಿ ಅಂದ್ನಲ್ಲ, ಅದು ನಾನು ಮನಸ್ಸು ಮಾಡಿ ಮಾತಾಡ್ಸಿದ್ದಲ್ಲ. ಮಾತು ಬಿಟ್ಟಿದೀವಿ ಅನ್ನೋದೇ ಮರ್ತೋಗಿತ್ತು. ಡಾಕ್ಟರು ಹಾರ್ಮೋನು ಅಂದ್ರು.”

“ಗೊತ್ತು” ಎಂದರು ಅವರು.

“ಗೊತ್ತಿತ್ತಾ?”

“ಸ್ಕೂಟರ್ ಮರ್ತು ಆಟೋದಲ್ಲಿ ಬಂದೋಳಲ್ವಾ ನೀನು. ಜ್ಞಾಪಕ ಇದ್ದಿದ್ರೆ ಅಕ್ಕ ಅಂತಿದ್ಯಾ? ಮೋಟರ್ ಹಾಕಿ ನಾನು ಅಲ್ಲೇ ಹಿಂದ್ಗಡೆ ನಿಂತ್ಬಿಟ್ಟೆ. ವಾಪಸ್ ಬಂದ್ರೆ, ನನ್ ಮುಖ ನೋಡಿ ಎಲ್ಲಿ ನಿಂಗೆ ನೆನಪಾಗುತ್ತೋ ಅಂತ. ಗೇಟ್ ಸದ್ದಾದ್ಮೇಲೆ ಆಚೆ ಬಂದೆ.”

ನನಗೆ ನಗು ಬಂತು, ಅವರಿಗೂ ಬಂತು. ನಗುವಿನಲ್ಲೇ ಧೈರ್ಯ ಬಂದು ಉಳಿದದ್ದನ್ನೂ ಕೇಳಿಬಿಟ್ಟೆ.

“ಇನ್ನೊಂದಿದೆ. ಬೈಬೇಡಿ. ಸಮಾರಾಧನೆ ದಿನ ನೀವು ನಂಗೆ ಏನಂದ್ರಿ? ಅದೂ ಮರ್ತೋಗಿದೆ.”

“ನಾಲ್ಕು ದಿನ ರಜಾ ಹಾಕ್ಬಹುದಿತ್ತು ಅಂದೆ. ನೀನು ಮನೇಲಿದ್ದು ನೋಡ್ಕೊಂಡ್ಯಾ ಅಂತ ಮೈಸೂರಿನ ಸೋದರತ್ತೆ ಕೇಳಿದ್ರು, ಅದಕ್ಕೆ ಅಂದೆ. ಎಲ್ರ ಮುಂದೆ ಅನ್ನಬಾರದಿತ್ತು. ತಪ್ಪೇ.”

ಸಂಬಳ ಇರಲಿಲ್ಲ, ಸೇವೆ ಇರಲಿಲ್ಲ. ನಾಲ್ಕು ದಿನ ರಜೆ. “ಅಷ್ಟಕ್ಕೇ ಹನ್ನೊಂದು ವರ್ಷ ಮಾತು ಬಿಟ್ವಾ ನಾವು?” ಎಂದೆ.

ಅವರು ಬಾಗಿನದ ಮೊರವನ್ನು ಗೌರಿಯ ಪಕ್ಕಕ್ಕೆ ಇಟ್ಟರು. ಇಟ್ಟು, ನನ್ನ ಕಡೆ ತಿರುಗಿದರು. “ಅಷ್ಟಕ್ಕ್ಯಾಕೆ ಬಿಡ್ತೀವಿ? ಎಲ್ರೂ ಹೋದ್ಮೇಲೆ ಅಡಿಗೆಮನೆಗೆ ಬಂದು ನೀನು ಅಂದ್ಯಲ್ಲ, ಅದಕ್ಕೆ. ಮಾತು ಬಿಟ್ಟಿದ್ದು ನಾನು. ನೀನಲ್ಲ.”

ನಾನು ಅಡಿಗೆಮನೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಏನೂ ಇರಲಿಲ್ಲ. ವಾಸನೆಯಿಲ್ಲ, ಬಣ್ಣವಿಲ್ಲ, ನಾನು ಅಲ್ಲಿಗೆ ಹೋಗಿದ್ದೆ ಎನ್ನುವುದೇ ಇಲ್ಲ. ಅಡ್ರಿನಲಿನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ನನಗೆ ತಗುಲಿದ್ದನ್ನು ನನ್ನೊಳಗೆ ಒತ್ತಿತ್ತು, ನಾನು ಅಂದದ್ದನ್ನು ಅವರೊಳಗೆ ಒತ್ತಿತ್ತು.

“ನಾನೇನಂದೆ ಅಕ್ಕ?”

“ನಿಜವಾಗ್ಲೂ ನೆನಪಿಲ್ವಾ?”

“ಇಲ್ಲ.” ನಾಚಿಕೆಯಿಂದ ಮೈ ಬಿಸಿಯಾಗಿತ್ತು, ಈ ಸಲ ಅದು ಹಾರ್ಮೋನಿನದಲ್ಲ. “ಹೇಳಿ. ಏನಂದಿದ್ರೂ ಕಾಲು ಹಿಡ್ಕೊಂಡು ತಪ್ಪಾಯ್ತು ಅಂತೀನಿ.”

ಆ ಮಾತು ಅವರ ಬಾಯಿಯವರೆಗೆ ಬಂದದ್ದು ನನಗೆ ಕಾಣಿಸಿತು. ಹನ್ನೊಂದು ವರ್ಷ ಅವರು ಅದನ್ನು ಇಟ್ಟುಕೊಂಡಿದ್ದರು, ಈಗ ಕೇಳುವವಳು ಎದುರಿಗೇ ಇದ್ದಳು.

“ಬೇಡ” ಎಂದರು. “ಒಂದಕ್ಷರ ಬಿಡದೆ ನೆನಪಿದೆ ನಂಗೆ. ಆದ್ರೆ ಹೇಳಿದ್ರೆ ನಿಂಗೂ ನೆನಪಾಗುತ್ತೆ. ಆಮೇಲೆ ನೀನು ನಾಚ್ಕೊಂಡು ಕೆಳಗಿಳಿದು ಬರಲ್ಲ. ನಂಗೆ ಅರವತ್ತಾಯ್ತು ಕಣೆ. ಇನ್ನೊಂದು ಹನ್ನೊಂದು ವರ್ಷ ನನ್ನ ಕೈಲಾಗಲ್ಲ.”

ನನ್ನ ಕಣ್ಣು ತುಂಬಿತು. ಅವರು ಎಲೆ ತಂದು ಹಾಸಿ, ನೀರು ಚಿಮುಕಿಸಿ, “ಕೂತ್ಕೋ, ಒಬ್ಬಟ್ಟು ಬಿಸಿಯಾಗಿದೆ” ಎಂದರು. ನಾನು ಕೂತೆ. ಒಬ್ಬಟ್ಟಿನ ಮೇಲೆ ಅವರೇ ತುಪ್ಪ ಹಾಕಿದರು, ಸಾಕು ಎಂದರೂ ಇನ್ನೊಂದು ಬಡಿಸಿದರು. ನಾನು ಅವತ್ತು ಏನಂದಿದ್ದೆ ಎಂದು ಅವರು ಇವತ್ತಿಗೂ ಹೇಳಿಲ್ಲ, ನಾನೂ ಮತ್ತೆ ಕೇಳಿಲ್ಲ.